ಸೋಡಾ ಕಾರ್ಖಾನೆಗಳೂ 1863ರ ಶಾಸನವೂ

ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡಿನಲ್ಲಿ ಸಾಬೂನು ಬೇಯಿಸುವವನಿಗೂ ಗಾಜು ಕರಗಿಸುವವನಿಗೂ ಸಮಾನವಾಗಿ ಬೇಕಾಗಿದ್ದ ಸರಕೆಂದರೆ ಸೋಡಾ. ಫ್ರಾನ್ಸಿನ ಲೆಬ್ಲಾಂಕನು ಕಂಡುಹಿಡಿದ ಕ್ರಮದಂತೆ ಉಪ್ಪಿಗೆ ಗಂಧಕಾಮ್ಲವನ್ನು ಬೆರಸಿ ಕಾಯಿಸಿ, ಬಂದುದನ್ನು ಸುಣ್ಣಕಲ್ಲು ಕಲ್ಲಿದ್ದಲುಗಳೊಡನೆ ಕುಲುಮೆಯಲ್ಲಿ ಸುಟ್ಟು ಅದನ್ನು ಪಡೆಯುತ್ತಿದ್ದರು. ಮೊದಲನೆಯ ಹಂತದಲ್ಲಿಯೇ ಏಳುತ್ತಿದ್ದ ಹೈಡ್ರೋಕ್ಲೋರಿಕ್ ಆಮ್ಲದ ಹಬೆಯು ಚಿಮಣಿಯಿಂದ ಹೊರಬಿದ್ದು, ಸೇಂಟ್ ಹೆಲೆನ್ಸ್, ವಿಡ್ನೆಸ್ ಮೊದಲಾದ ಊರುಗಳ ಸುತ್ತಣ ಮರಗಳನ್ನು ಬೋಳಾಗಿಸಿ, ಹೊಲದ ಪೈರನ್ನು ಕರಿಕುಗೊಳಿಸುತ್ತಿದ್ದಿತು. ಗ್ಲಾಸ್ಗೋ ನಗರದಲ್ಲಿ 400 ಅಡಿಗೂ ಮಿಕ್ಕ ಚಿಮಣಿಯೊಂದನ್ನು ಎಬ್ಬಿಸಿದುದೂ ಉಂಟು. ಎತ್ತರದಿಂದ ಹೊರಟ ಹಬೆಯು ನಾಶವಾಗದೆ, ಇನ್ನಷ್ಟು ದೂರದ ನೆಲವನ್ನು ಸೇರುತ್ತಿದ್ದಿತು, ಅಷ್ಟೆ.

ಪರಿಹಾರವು ಯಾರಿಗೂ ತಿಳಿಯದುದಾಗಿರಲಿಲ್ಲ. 1836ರಲ್ಲಿಯೇ ವಿಲಿಯಂ ಗಾಸೇಜ್ ಎಂಬಾತನು, ಪಾಳುಬಿದ್ದ ಗಾಳಿಗಿರಣಿಯ ಗೋಪುರದೊಳಗೆ ಕುರುಚಲು ಕಡ್ಡಿಗಳನ್ನು ತುಂಬಿ, ಮೇಲಿನಿಂದ ನೀರನ್ನು ಇಳಿಯಬಿಟ್ಟು, ಅದಕ್ಕೆ ಹಬೆಯನ್ನು ತಾಗಿಸಿ, ಆಮ್ಲವು ನೀರಿನಲ್ಲಿ ಕರಗಿಹೋಗುವುದನ್ನು ತೋರಿಸಿಕೊಟ್ಟಿದ್ದನು. ಆದರೆ ಗೋಪುರಕ್ಕೂ ನೀರಿಗೂ ಮೇಲ್ವಿಚಾರಣೆಗೂ ಹಣ ಬೇಕು. ಪೇಟೆಯಲ್ಲಿ ಮಾತ್ರ ಎಲ್ಲರ ಸೋಡಾಕ್ಕೂ ಒಂದೇ ಬೆಲೆ. ನೆರೆಯವನು ಹಬೆಯನ್ನು ಬಿಟ್ಟಿಯಾಗಿ ಬಯಲಿಗೆ ಬಿಡುತ್ತಿರುವಾಗ ತಾನೊಬ್ಬನೇ ಅದನ್ನು ಹಿಡಿದಿಡುವ ಮಾಲೀಕನು ಊರಿಗೆ ಉಪಕಾರಿ, ಮನೆಗೆ ಮಾರಿ ಎನಿಸಿಕೊಳ್ಳುವನಲ್ಲದೆ ಬೇರೇನೂ ಆಗುತ್ತಿರಲಿಲ್ಲ. ನಷ್ಟಪಟ್ಟ ರೈತನು ನ್ಯಾಯಾಲಯದ ಮೆಟ್ಟಿಲು ಹತ್ತಿದರೂ, ಹತ್ತಾರು ಚಿಮಣಿಗಳು ಒತ್ತಾಗಿ ನಿಂತಿದ್ದ ಊರಿನಲ್ಲಿ ಯಾವ ಚಿಮಣಿಯ ಹಬೆ ತನ್ನ ಪೈರನ್ನು ಸುಟ್ಟಿತೆಂದು ರುಜುವಾತುಪಡಿಸುವುದು ದುಸ್ಸಾಧ್ಯವಾಗಿದ್ದಿತು.

ಲಾರ್ಡ್ ಡರ್ಬಿಯ ಪ್ರೇರಣೆಯಿಂದ 1862ರಲ್ಲಿ ಪ್ರಭುಸಭೆಯ ಸಮಿತಿಯೊಂದು ವಿಚಾರಣೆ ನಡೆಸಿತು. ಮರುವರ್ಷವೇ ಸೋಡಾ ಕಾರ್ಖಾನೆಗಳಿಗೆ ಅನ್ವಯಿಸುವ ಆಲ್ಕಲಿ ಶಾಸನವು ಜನ್ಮತಾಳಿತು. ಹಬೆಯಲ್ಲಿ ನೂರಕ್ಕೆ 95 ಪಾಲನ್ನಾದರೂ ಪ್ರತಿಯೊಂದು ಕಾರ್ಖಾನೆಯೂ ತಡೆಯತಕ್ಕದ್ದೆಂದು ಅದು ವಿಧಿಸಿ, ತಡೆಯುವ ಬಗೆಯನ್ನು ಮಾಲೀಕರ ಜಾಣ್ಮೆಗೆ ಬಿಟ್ಟಿತು. ಸ್ಥಳೀಯರ ಮುಲಾಜಿಗೆ ಒಳಗಾಗದ ಕೇಂದ್ರಾಧಿಕಾರಿಯಾಗಿ ನಿಯುಕ್ತನಾದ ರಾಬರ್ಟ್ ಆಂಗಸ್ ಸ್ಮಿತ್ ರಸಾಯನಶಾಸ್ತ್ರಜ್ಞನು. ದಂಡಿಸುವುದಕ್ಕಿಂತ ಹೆಚ್ಚಾಗಿ ಅಳೆದು ತೋರಿಸಿ ತಿಳಿಯಹೇಳಿದನು. ಭಾರವು ಎಲ್ಲರ ಮೇಲೂ ಒಂದೇ ಸಮನಾಗಿ ಬಿದ್ದುದರಿಂದ ಪೈಪೋಟಿಯಲ್ಲಿ ಯಾರೂ ಹಿಂದೆ ಬೀಳುವ ಭಯವಿರಲಿಲ್ಲ. ಕಾರ್ಖಾನೆಗಳು ಬಹುಬೇಗ ಆ ಮಿತಿಯನ್ನು ಮುಟ್ಟಿದುವು.

ಆದರೂ ಶಾಸನದಲ್ಲಿ ಎರಡು ಕುಂದುಗಳಿದ್ದುವು. ಗಾಳಿಯಿಂದ ತಪ್ಪಿಸಿದ ಆಮ್ಲವನ್ನು ಅನೇಕರು ಹೊಳೆಹಳ್ಳಗಳಿಗೆ ಹರಿಯಬಿಟ್ಟರು; ಉತ್ಪಾದನೆ ಬೆಳೆದಂತೆಲ್ಲ ಉಳಿದ 5 ಪಾಲೂ ಬೆಳೆಯಿತು. ಎರಡನೆಯದನ್ನು ತಿದ್ದಲು 1874ರಲ್ಲಿ, ಹೊರಬೀಳುವ ಒಂದು ಘನ ಅಡಿ ಹೊಗೆಯಲ್ಲಿ 0.2 ಗ್ರೇನಿಗಿಂತ ಹೆಚ್ಚು ಆಮ್ಲವಿರಕೂಡದೆಂದು ಗೊತ್ತುಪಡಿಸಿದರು. ಮೊದಲನೆಯದನ್ನು ಬಹುಮಟ್ಟಿಗೆ ತಗ್ಗಿಸಿದುದು ವ್ಯಾಪಾರವೇ: ವೆಲ್ಡನ್ ಮತ್ತು ಡೀಕನ್ನರ ಹೊಸ ಕ್ರಮಗಳಿಂದ ಆಮ್ಲವು ಕ್ಲೋರಿನ್ನಾಗಿ, ಬ್ಲೀಚಿಂಗ್ ಪೌಡರಾಗಿ ಮಾರಾಟವಾಗತೊಡಗಿತು. ಸಾಲ್ವೇ ಎಂಬ ಬೇರೊಂದು ಕ್ರಮದ ಅಗ್ಗದ ಸೋಡಾ ಪೇಟೆಯನ್ನು ಆವರಿಸಿದ ಮೇಲೆ, ಲೆಬ್ಲಾಂಕನ ಕ್ರಮದ ಹಳೆಯ ಕಾರ್ಖಾನೆಗಳು ಉಸಿರು ಹಿಡಿದುದು ಒಂದು ಕಾಲಕ್ಕೆ ತಾವೇ ಗಾಳಿಗೆ ತೂರುತ್ತಿದ್ದ ಆ ವಸ್ತುವಿನಿಂದಲೇ.

ಪರಸ್ಪರ ಸ್ಪರ್ಧಿಸುವ ವರ್ತಕರಿಂದ ಶುಚಿತ್ವವನ್ನು ನಿರೀಕ್ಷಿಸುವ ಸರ್ಕಾರವು ಅವರ ಸೌಜನ್ಯವನ್ನು ನೆಚ್ಚಿ ಕುಳಿತುಕೊಳ್ಳಬೇಕಾಗಿಲ್ಲ. ಎಲ್ಲರಿಗೂ ಒಂದೇ ಅಳತೆ, ಅಳೆಯಬಲ್ಲ ಅಧಿಕಾರಿ, ಗಾಳಿಯೊಡನೆ ನೀರನ್ನೂ ಕಾಯುವ ಕಾನೂನು, ಈ ಮೂರನ್ನು ಒದಗಿಸಿದರೆ ಮಿಕ್ಕುದನ್ನು ವರ್ತಕರ ಲೆಕ್ಕಾಚಾರವೇ ನೋಡಿಕೊಳ್ಳುತ್ತದೆ.