ಮೆಲುದನಿಗೂ ಒಂದು ಚರಿತ್ರೆ

ಮನೆಯ ಒಂದು ಕೋಣೆಯಲ್ಲಿ ಕುಳಿತು ಹಾಡನ್ನೋ ಕಾವ್ಯವಾಚನವನ್ನೋ ಮುದ್ರಿಸಿಕೊಳ್ಳಬೇಕೆಂಬ ಅಪೇಕ್ಷೆ ಇಂದು ಅನೇಕರಲ್ಲಿ ಮೂಡಿದೆ. ಅದಕ್ಕೆ ಬೇಕಾದ ಸಲಕರಣೆಗಳು ನಾಲ್ಕೇ: ಒಂದು ಮೈಕ್ರೋಫೋನು, ಒಂದು ಕಂಪ್ಯೂಟರು, ಕಿವಿಗೆ ಹಾಕಿಕೊಳ್ಳುವ ಹೆಡ್‌ಫೋನು, ಇವುಗಳ ನಡುವೆ ಆಡಿಯೋ ಇಂಟರ್‌ಫೇಸ್ ಎಂಬ ಒಂದು ಪುಟ್ಟ ಪೆಟ್ಟಿಗೆ. ಹೊಸಬರು ತಬ್ಬಿಬ್ಬಾಗುವುದು ಈ ಪೆಟ್ಟಿಗೆಯ ಆಯ್ಕೆಯಲ್ಲಿಯೇ. ಅದರೊಳಗೆ ಮುಖ್ಯವಾಗಿ ಎರಡು ಕೆಲಸಗಳು ನಡೆಯುತ್ತವೆ. ಮೈಕ್ರೋಫೋನಿನಿಂದ ಬರುವ ಅತಿ ಕ್ಷೀಣವಾದ ವಿದ್ಯುತ್ತನ್ನು ಮೊದಲು ಎತ್ತಿ ಬಲಪಡಿಸುವುದು ಒಂದು. ಹೀಗೆ ಎತ್ತುವ ಭಾಗಕ್ಕೆ ಪ್ರೀಆಂಪ್ ಎಂದು ಹೆಸರು. ಕನ್ನಡದಲ್ಲಿ ಪೂರ್ವವರ್ಧಕ ಎನ್ನಬಹುದು. ಎತ್ತಿದ ಆ ಧ್ವನಿಯನ್ನು ಅಂಕಿಗಳಾಗಿ ಮಾರ್ಪಡಿಸಿ ಕಂಪ್ಯೂಟರಿಗೆ ಒಪ್ಪಿಸುವುದು ಇನ್ನೊಂದು.

ಯಾವ ಪೆಟ್ಟಿಗೆಯನ್ನು ಕೊಳ್ಳಬೇಕೆಂಬುದು ಅಂಗಡಿಯಲ್ಲಿ ಕೇಳಬೇಕಾದ ಪ್ರಶ್ನೆ, ಕನ್ನಡದ ಮೇಷ್ಟರಿಗೆ ಇದರಲ್ಲೇನು ಕೆಲಸ ಎಂದು ನೀವು ಕೇಳಬಹುದು. ನಿವೃತ್ತನಾದ ಮೇಲೆ ನಾನು ಮನೆಯ ಒಂದು ಸಣ್ಣ ಕೋಣೆಯಲ್ಲಿ ವಯಸ್ಸಾದ ಗಮಕಿಗಳ ವಾಚನವನ್ನು ಮುದ್ರಿಸಿಕೊಳ್ಳುತ್ತ ಬಂದಿದ್ದೇನೆ. ಆ ಕೆಲಸದಲ್ಲಿ ತೊಡಗಿದಾಗ ನನಗೆ ದಾರಿ ತೋರಿಸಿದ್ದು ಸಲಕರಣೆಗಳ ಬೆಲೆಪಟ್ಟಿಯಲ್ಲ, ಅವುಗಳ ಇತಿಹಾಸ. ಆ ಇತಿಹಾಸವನ್ನೇ ಈ ಹೊತ್ತು ಸಂಕ್ಷೇಪವಾಗಿ ನಿಮ್ಮ ಮುಂದಿಡುತ್ತೇನೆ.

ಎಡಿಸನ್ ಮಹಾಶಯನು ಫೋನೋಗ್ರಾಫನ್ನು ಕಂಡುಹಿಡಿದದ್ದು 1877ರಲ್ಲಿ. ಬರ್ಲಿನರನು ತಟ್ಟೆಯಾಕಾರದ ಗ್ರಾಮಫೋನಿಗೆ ನಾಂದಿ ಹಾಡಿದ್ದು 1887ರಲ್ಲಿ. ಅಲ್ಲಿಂದ ಸುಮಾರು ನಾಲ್ಕು ದಶಕಗಳ ಕಾಲ ಧ್ವನಿಮುದ್ರಣದಲ್ಲಿ ವಿದ್ಯುತ್ತಿನ ಪಾತ್ರವೇ ಇರಲಿಲ್ಲವೆಂಬುದನ್ನು ನಾವು ಮರೆಯುತ್ತೇವೆ. ಗಾಯಕನು ಒಂದು ದೊಡ್ಡ ಕಹಳೆಯ ಬಾಯಿಗೆ ಮುಖವೊಡ್ಡಿ ಹಾಡುತ್ತಿದ್ದನು. ಅವನ ಉಸಿರಿನ ಒತ್ತಡವೇ ಕಹಳೆಯ ತುದಿಯ ತೆಳುಪೊರೆಯನ್ನು ನಡುಗಿಸಬೇಕು. ಆ ನಡುಕವೇ ಸೂಜಿಯನ್ನು ಆಡಿಸಿ ಮೇಣದಲ್ಲಿ ಗೆರೆ ಕೊರೆಯಬೇಕು. ಮೇಣವನ್ನು ಕೊರೆಯುವ ಶಕ್ತಿಯನ್ನು ಹಾಡುವವನ ಪುಪ್ಪುಸವೇ ಒದಗಿಸಬೇಕಾಗಿತ್ತು. ಮಂದ್ರದ ತಂತಿವಾದ್ಯಗಳ ದನಿ ಏರದೆಂದು ಅವುಗಳ ಬದಲಿಗೆ ಊದುವ ವಾದ್ಯಗಳನ್ನು ಇಡುತ್ತಿದ್ದರು. ಪಿಟೀಲಿಗೇ ಲೋಹದ ಕಹಳೆಯೊಂದನ್ನು ಜೋಡಿಸಿದ ವಿಚಿತ್ರ ವಾದ್ಯವೂ ಆಗ ಬಳಕೆಗೆ ಬಂತು. ಇಷ್ಟೆಲ್ಲ ಮಾಡಿದರೂ ಮೇಣಕ್ಕೆ ಇಳಿಯುತ್ತಿದ್ದದ್ದು ಸ್ಥೂಲವಾಗಿ ಸೆಕೆಂಡಿಗೆ 250ರಿಂದ 2500 ಕಂಪನಗಳವರೆಗಿನ ನಾದ ಮಾತ್ರ. ಸಕಾರ ಶಕಾರಗಳ ಸುಳಿವು ಇರುವುದು ಬಹುಪಾಲು ಅದಕ್ಕೂ ಮೇಲೆ. ಆದ್ದರಿಂದ ಅಂದಿನ ತಟ್ಟೆಗಳಲ್ಲಿ ರಾಗ ಉಳಿಯಿತು, ಮಾತು ಅರ್ಧ ಅಳಿಯಿತು.

ಈ ಕಹಳೆ ಭಾರತಕ್ಕೆ ಬಂದದ್ದು 1902ರ ನವೆಂಬರಿನಲ್ಲಿ. ಗ್ರಾಮಫೋನ್ ಕಂಪೆನಿಯ ಫ್ರೆಡ್ ಗೈಸ್‌ಬರ್ಗ್ ಕಲ್ಕತ್ತೆಯ ಹೋಟೆಲೊಂದರ ಕೋಣೆಗಳಲ್ಲಿ ಯಂತ್ರವನ್ನು ಹೂಡಿ ಗೌಹರ್ ಜಾನ್ ಅವರ ಗಾಯನವನ್ನು ಮುದ್ರಿಸಿಕೊಂಡನು. ಮೇಣದ ಪಡಿಯಚ್ಚುಗಳು ಜರ್ಮನಿಯ ಹ್ಯಾನೋವರಿಗೆ ಹೋಗಿ ಅಲ್ಲಿ ತಟ್ಟೆಗಳಾಗಬೇಕಾಗಿತ್ತು. ಅಲ್ಲಿನ ಕೆಲಸಗಾರರಿಗೆ ಗುರುತು ಸಿಗಲೆಂದು ಗೌಹರ್ ಜಾನ್ ಹಾಡಿನ ಕೊನೆಯಲ್ಲಿ ತಮ್ಮ ಹೆಸರನ್ನು ಇಂಗ್ಲಿಷಿನಲ್ಲಿ ಕೂಗಿ ಹೇಳುತ್ತಿದ್ದರು. ಗಂಟೆಗಟ್ಟಲೆ ಬೆಳೆಯಬಹುದಾದ ಒಂದು ಖಯಾಲನ್ನು ಮೂರು ನಿಮಿಷಕ್ಕೆ ಕುಗ್ಗಿಸಿ, ಕಹಳೆಗೆ ಕೇಳುವಂತೆ ಕಂಠವೆತ್ತಿ ಹಾಡಿದ ಆ ಧೀಮಂತೆಯ ಜಾಣ್ಮೆಗೆ ಬೆರಗಾಗಬೇಕು. ಆದರೆ ಕಂಠವೆತ್ತಲಾರದವರ ಗತಿಯೇನು? ಮನೆಯೊಳಗೆ ತೊಟ್ಟಿಲ ಬಳಿ ಹಾಡುತ್ತಿದ್ದವರು, ಜಗಲಿಯಲ್ಲಿ ಕುಳಿತು ಕಾವ್ಯ ಓದುತ್ತಿದ್ದ ವೃದ್ಧರು, ಇವರ ದನಿಗೆ ಮೇಣವನ್ನು ಕೊರೆಯುವ ಕಸುವಿರಲಿಲ್ಲ. ಚರಿತ್ರೆಯ ಬಾಗಿಲಲ್ಲಿ ನಿಂತಿದ್ದ ಆ ಕಹಳೆ ಬಲವಾದ ದನಿಗಳನ್ನಷ್ಟೇ ಒಳಕ್ಕೆ ಬಿಟ್ಟಿತು.

ಈ ಪಕ್ಷಪಾತಕ್ಕೆ ಪರಿಹಾರ ದೊರೆತದ್ದು ಸಂಗೀತಶಾಲೆಯಲ್ಲಲ್ಲ, ಟೆಲಿಫೋನ್ ಕಂಪೆನಿಯಲ್ಲಿ. ತಂತಿಯ ಮೇಲೆ ದೂರ ಹೋದಂತೆಲ್ಲ ಮಾತು ಸೊರಗುತ್ತಿತ್ತು. 1906ರಲ್ಲಿ ಲೀ ಡಿ ಫಾರೆಸ್ಟ್ ರೂಪಿಸಿದ ನಿರ್ವಾತ ಕವಾಟವನ್ನು ಸುಧಾರಿಸಿ, ಸೊರಗಿದ ಮಾತನ್ನು ನಡುದಾರಿಯಲ್ಲಿ ಎತ್ತಿ ಕಳಿಸುವ ವರ್ಧಕಗಳನ್ನು ಅಮೆರಿಕದ ಎಂಜಿನಿಯರರು ಸಿದ್ಧಪಡಿಸಿದರು. ಅವುಗಳ ಬಲದಿಂದಲೇ 1915ರಲ್ಲಿ ನ್ಯೂಯಾರ್ಕಿನ ಮಾತು ಸ್ಯಾನ್ ಫ್ರಾನ್ಸಿಸ್ಕೋಗೆ ಕೇಳಿಸಿತು. ಮರುವರ್ಷವೇ ಅದೇ ಬಳಗದ ವೆಂಟೆ ಎಂಬ ವಿಜ್ಞಾನಿ ಕಂಡೆನ್ಸರ್ ಮೈಕ್ರೋಫೋನನ್ನು ನಿರ್ಮಿಸಿದನು. ಅದು ಬಹು ನಿಷ್ಠೆಯ ಕಿವಿ; ಆದರೆ ಅದರಿಂದ ಹೊರಡುವ ವಿದ್ಯುತ್ತು ಎಷ್ಟು ಕ್ಷೀಣವೆಂದರೆ, ಅದರ ಪಕ್ಕದಲ್ಲಿಯೇ ಒಂದು ವರ್ಧಕವನ್ನು ಇರಿಸದೆ ವಿಧಿಯಿರಲಿಲ್ಲ. ಪ್ರೀಆಂಪಿನ ಹುಟ್ಟು ಹೀಗೆ. ಗಾಳಿಯ ಅಲೆ ವಿದ್ಯುತ್ತಾದ ಕೂಡಲೆ, ದಾರಿಯ ಧೂಳು ಮೆತ್ತಿಕೊಳ್ಳುವ ಮೊದಲೇ, ಅದನ್ನು ಎತ್ತಿ ಹಿಡಿಯುವ ಕೈ ಅದು.

1925ರಲ್ಲಿ ವಿದ್ಯುತ್ ಧ್ವನಿಮುದ್ರಣ ಅಮೆರಿಕದ ದೊಡ್ಡ ಕಂಪೆನಿಗಳಲ್ಲಿ ಬಳಕೆಗೆ ಬಂತು. ಮೇಣವನ್ನು ಕೊರೆಯುವ ಶ್ರಮ ಗಾಯಕನ ಎದೆಯಿಂದ ವರ್ಧಕಕ್ಕೆ ವರ್ಗವಾಯಿತು. ಸೆಕೆಂಡಿಗೆ 5000 ಕಂಪನಗಳವರೆಗಿನ ನಾದ ತಟ್ಟೆಗೆ ಇಳಿಯತೊಡಗಿತು. ಕಿವಿಯಲ್ಲಿ ಗುಟ್ಟು ಹೇಳಿದಂತೆ ಹಾಡುವ ಬಿಂಗ್ ಕ್ರಾಸ್ಬಿಯಂಥವರು ಜನಪ್ರಿಯರಾದದ್ದು ಆ ಮೇಲೆಯೇ. ಹಾಡುಗಾರಿಕೆಯ ಶೈಲಿಯೇ ಒಂದು ಯಂತ್ರಭಾಗದಿಂದ ಬದಲಾಯಿತೆಂದರೆ ಅತಿಶಯೋಕ್ತಿಯಲ್ಲ. ಕಹಳೆಯ ಕಾಲದ ನಮ್ಮ ಮೊದಲ ತಾರೆಯಾದ ಗೌಹರ್ ಜಾನ್ 1928ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಸ್ಥಾನಕ್ಕೆ ಬಂದು, 1930ರ ಜನವರಿಯಲ್ಲಿ ಮೈಸೂರಿನಲ್ಲಿಯೇ ತೀರಿಕೊಂಡರು. ಅವರ ಹೆಸರು ಬೆಳೆದದ್ದೆಲ್ಲ ಕಹಳೆಯ ತಟ್ಟೆಗಳಿಂದ. ಆ ಕಂಠದ ಮಂದ್ರ ಹೇಗಿತ್ತೆಂಬುದನ್ನು ಆ ತಟ್ಟೆಗಳಿಂದ ನಾವು ಊಹಿಸಬಹುದೇ ಹೊರತು ಪೂರ್ತಿಯಾಗಿ ಕೇಳಲಾರೆವು.

ದನಿಯನ್ನು ಎತ್ತುವ ಉಪಾಯ ದೊರೆತ ಮೇಲೆ ಇನ್ನೊಂದು ತೊಡಕು ಎದುರಾಯಿತು. ಎತ್ತುವಾಗ ದನಿಯೊಡನೆ ಗದ್ದಲವೂ ಏಳುತ್ತದೆ. 1928ರಲ್ಲಿ ಬೆಲ್ ಪ್ರಯೋಗಾಲಯದ ಜಾನ್ಸನ್ ಮತ್ತು ನೈಕ್ವಿಸ್ಟ್ ಇದರ ಮೂಲವನ್ನು ಪ್ರಕಟಪಡಿಸಿದರು. ವಿದ್ಯುತ್ತನ್ನು ತಡೆಯುವ ಯಾವುದೇ ವಸ್ತುವಿನಲ್ಲಿಯೂ ಶಾಖದ ದೆಸೆಯಿಂದ ಎಲೆಕ್ಟ್ರಾನುಗಳು ಸದಾ ಚಡಪಡಿಸುತ್ತಿರುತ್ತವೆ. ಆ ಚಡಪಡಿಕೆಯೇ ಸುಯ್ಯೆನ್ನುವ ಸದ್ದು. ಇದನ್ನು ತಗ್ಗಿಸಬಹುದು, ನಿರ್ಮೂಲ ಮಾಡಲಾಗದು. ಅದೇ ವರ್ಷ ಬರ್ಲಿನ್ನಿನ ಗೇಯಾರ್ಗ್ ನಾಯ್ಮನ್ ತನ್ನ ಮೈಕ್ರೋಫೋನಿನ ಒಡಲಲ್ಲಿಯೇ ವರ್ಧಕ ಕವಾಟವನ್ನು ಇರಿಸಿದನು. ಆಕಾರ ನೋಡಿ ಜನ ಅದನ್ನು ಸೀಸೆಯೆಂದು ಕರೆದರು. ಅದೇ ಕಂಪೆನಿ 1966ರಲ್ಲಿ ನಾರ್ವೆಯ ರೇಡಿಯೋಗಾಗಿ, ಧ್ವನಿ ಸಾಗುವ ತಂತಿಯಲ್ಲಿಯೇ 48 ವೋಲ್ಟಿನ ವಿದ್ಯುತ್ತನ್ನೂ ಕಳಿಸುವ ಏರ್ಪಾಡು ಮಾಡಿತು. ಇಂದು ನಮ್ಮ ಪುಟ್ಟ ಪೆಟ್ಟಿಗೆಯ ಮೇಲೆ 48 ಎಂದು ಬರೆದ ಗುಂಡಿಯೊಂದು ಇರುತ್ತದಲ್ಲ, ಅದರ ವಂಶಾವಳಿ ಇದು. ಕಂಡೆನ್ಸರ್ ಮೈಕ್ರೋಫೋನಿಗೆ ಈ ವಿದ್ಯುತ್ತು ಅವಶ್ಯಕ. ಸುರುಳಿಯುಳ್ಳ ಡೈನಮಿಕ್ ಮೈಕ್ರೋಫೋನಿಗೆ ಬೇಕಾಗಿಲ್ಲ.

ಇಷ್ಟಾದರೂ ಈ ಸಲಕರಣೆಗಳು ಬಹುಕಾಲ ಸಂಸ್ಥೆಗಳ ಸ್ವತ್ತಾಗಿದ್ದವು. ಮನೆಯೊಳಗಿನ ಸ್ಟುಡಿಯೋ ಎಂಬ ಕಲ್ಪನೆ ಮಾತ್ರ ನಮ್ಮ ನಾಡಿಗೆ ಹೊಸದಲ್ಲ. ಮೈಸೂರಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ಒಂಟಿಕೊಪ್ಪಲಿನ ತಮ್ಮ ಮನೆಯಿಂದಲೇ ರೇಡಿಯೋ ಪ್ರಸಾರವನ್ನು ಆರಂಭಿಸಿದ ಸಂಗತಿ ನಿಮಗೆ ತಿಳಿದೇ ಇದೆ. ಆದರೆ ಅದು ಒಬ್ಬ ಸಾಹಸಿಯ ಪ್ರಯತ್ನ. ಸಾಮಾನ್ಯರ ಕೈಗೆ ಎಟುಕುವಂಥ ಯಂತ್ರ ಬಂದದ್ದು 1979ರಲ್ಲಿ. ಜಪಾನಿನ ಟಿಯಾಕ್ ಕಂಪೆನಿ ಸಾಧಾರಣ ಕ್ಯಾಸೆಟ್ಟಿನ ಮೇಲೆ ನಾಲ್ಕು ಪಥಗಳಲ್ಲಿ ಮುದ್ರಿಸುವ ಪೋರ್ಟಾಸ್ಟುಡಿಯೋವನ್ನು ಹೊರತಂದಿತು. 1982ರ ಜನವರಿಯಲ್ಲಿ ಅಮೆರಿಕದ ಬ್ರೂಸ್ ಸ್ಪ್ರಿಂಗ್‌ಸ್ಟೀನ್ ನ್ಯೂಜೆರ್ಸಿಯ ಬಾಡಿಗೆ ಮನೆಯೊಂದರಲ್ಲಿ ಈ ಯಂತ್ರದ ಮುಂದೆ ಸಾಧಾರಣ ಬೆಲೆಯ ಎರಡು ಶೂರ್ ಮೈಕ್ರೋಫೋನುಗಳನ್ನಿಟ್ಟು ಕೆಲವು ಹಾಡುಗಳನ್ನು ಕರಡಾಗಿ ಮುದ್ರಿಸಿಕೊಂಡನು. ಆ ಮೇಲೆ ದೊಡ್ಡ ಸ್ಟುಡಿಯೋದಲ್ಲಿ ವಾದ್ಯವೃಂದದೊಡನೆ ಅವನ್ನೇ ಮತ್ತೆ ಹಾಡಿ ನೋಡಿದರೂ ಮೊದಲಿನ ಭಾವ ಮರಳಲಿಲ್ಲ. ಕೊನೆಗೆ ಆ ಕ್ಯಾಸೆಟ್ಟಿನ ಹಾಡುಗಳೇ ‘ನೆಬ್ರಾಸ್ಕ’ ಎಂಬ ಹೆಸರಿನಲ್ಲಿ ಅದೇ ವರ್ಷ ಪ್ರಕಟವಾದವು. ಮೆಲುದನಿ ತಾನು ಹುಟ್ಟಿದ ಮನೆಯಲ್ಲಿಯೇ ಚರಿತ್ರೆಗೆ ಸೇರಿದ ಸಂದರ್ಭ ಇದು.

ಅದೇ 1982ರಲ್ಲಿ ಕಾಂಪ್ಯಾಕ್ಟ್ ಡಿಸ್ಕ್ ಮಾರುಕಟ್ಟೆಗೆ ಬಂದು, ಧ್ವನಿಯನ್ನು ಅಂಕಿಗಳಲ್ಲಿ ಬರೆದಿಡುವ ಪದ್ಧತಿ ಮನೆಮನೆಗೆ ತಲಪಿತು. ಸೆಕೆಂಡಿಗೆ 44,100 ಬಾರಿ ಅಳೆಯುವುದು, ಪ್ರತಿ ಅಳತೆಯನ್ನು 16 ಬಿಟ್ಟುಗಳಲ್ಲಿ, ಎಂದರೆ 65,536 ಮೆಟ್ಟಿಲುಗಳಲ್ಲಿ ಗುರುತಿಸುವುದು ಅದರ ಕ್ರಮ. ಇಂದಿನ ಅಗ್ಗದ ಇಂಟರ್‌ಫೇಸು ಕೂಡ 24 ಬಿಟ್ಟುಗಳಲ್ಲಿ ಬರೆಯಬಲ್ಲುದು. ಮೆಟ್ಟಿಲುಗಳ ಸಂಖ್ಯೆ ಒಂದು ಕೋಟಿ ಅರವತ್ತೇಳು ಲಕ್ಷಕ್ಕೂ ಮಿಗಿಲು. ಧ್ವನಿಸಂಗ್ರಹಾಲಯಗಳ ಅಂತರರಾಷ್ಟ್ರೀಯ ಸಂಘ ಸಂರಕ್ಷಣೆಗೆ ಕನಿಷ್ಠವೆಂದು ವಿಧಿಸಿರುವುದು 48,000 ಅಳತೆ ಮತ್ತು 24 ಬಿಟ್ಟು. ಅದು ಎಲ್ಲ ಪೆಟ್ಟಿಗೆಗಳಲ್ಲಿಯೂ ದೊರೆಯುತ್ತದೆ. ಹೀಗಿರಲು 192 ಸಾವಿರ ಎಂದು ದಪ್ಪಕ್ಷರದಲ್ಲಿ ಅಚ್ಚು ಹಾಕಿದ ಅಂಕಿಗೆ ಮರುಳಾಗಿ ಹಣ ಸುರಿಯಬೇಕಾದ್ದಿಲ್ಲ. ಅಂಕಿ ಮಾಡುವ ಕೆಲಸ ಬಹುಮಟ್ಟಿಗೆ ಬಗೆಹರಿದಿದೆ. ವ್ಯತ್ಯಾಸ ಉಳಿದಿರುವುದು ಅದಕ್ಕೂ ಮೊದಲಿನ ಎತ್ತುವ ಕೆಲಸದಲ್ಲಿ.

ನನ್ನ ಕೆಲಸದಿಂದಲೇ ಒಂದು ನಿದರ್ಶನ ಕೊಡುತ್ತೇನೆ. ಎಂಬತ್ತು ದಾಟಿದ ಗಮಕಿಯೊಬ್ಬರು ಭಾಮಿನಿ ಷಟ್ಪದಿಯನ್ನು ಓದುವಾಗ ಪಾದದ ಮೊದಲಲ್ಲಿ ಉಸಿರಿರುತ್ತದೆ, ಕೊನೆಗೆ ಅದು ಕ್ಷಯಿಸುತ್ತದೆ. ನಮ್ಮ ನುಡಿಯಾದರೋ ಸ್ವರಾಂತವಾದದ್ದು. ವಿಭಕ್ತಿಯೆಲ್ಲ ಪದದ ತುದಿಯಲ್ಲಿ. ಭೀಮನು, ಭೀಮನ, ಭೀಮನೆ, ಈ ಮೂರಕ್ಕೂ ಇರುವ ಭೇದ ಕೊನೆಯ ಒಂದು ಸ್ವರ. ಆ ಸ್ವರ ಯಂತ್ರದ ಸುಯ್ಯೆಂಬ ಸದ್ದಿನಲ್ಲಿ ಮುಳುಗಿದರೆ ಮುಂದಿನ ಕೇಳುಗನಿಗೆ ಹೊಡೆದವರಾರು, ಹೊಡೆಸಿಕೊಂಡವರಾರು ತಿಳಿಯದು. ಆದ್ದರಿಂದ ಪ್ರೀಆಂಪಿನ ಗುಣ ನನ್ನ ಪಾಲಿಗೆ ಶೋಕಿಯ ವಿಷಯವಲ್ಲ, ಪಾಠಶುದ್ಧಿಯ ವಿಷಯ. ಹಸ್ತಪ್ರತಿಯಲ್ಲಿ ಗೆದ್ದಲು ತಿಂದ ಅಕ್ಷರಕ್ಕಾಗಿ ಪರದಾಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಹಾಗಾದರೆ ನೋಡಬೇಕಾದ ಅಂಕಿಗಳು ಯಾವುವು? ಮೊದಲನೆಯದು, ಎಷ್ಟು ಎತ್ತಬಲ್ಲುದು ಎಂಬುದು. ಇದನ್ನು ಡೆಸಿಬೆಲ್ಲಿನಲ್ಲಿ ಹೇಳುತ್ತಾರೆ. 60 ಡೆಸಿಬೆಲ್ ಎಂದರೆ ವೋಲ್ಟೇಜು ಸಾವಿರ ಪಟ್ಟು. ಡೈನಮಿಕ್ ಮೈಕ್ರೋಫೋನಿನ ಮುಂದೆ ಒಂದಡಿ ದೂರದಲ್ಲಿ ಮೆಲ್ಲನೆ ಮಾತಾಡಿದರೆ ಹುಟ್ಟುವ ವಿದ್ಯುತ್ತು ಒಂದು ವೋಲ್ಟಿನ ಹತ್ತು ಸಾವಿರದಲ್ಲೊಂದು ಭಾಗಕ್ಕಿಂತಲೂ ಕಡಿಮೆ. ಶೂರ್ ಕಂಪೆನಿಯ ಎಸ್‌ಎಂ 7ಬಿ ಎಂಬ ಹೆಸರಾಂತ ಮೈಕ್ರೋಫೋನಿಗೆ ಕನಿಷ್ಠ 60 ಡೆಸಿಬೆಲ್ ಬೇಕೆಂದು ತಯಾರಕರೇ ಹೇಳುತ್ತಾರೆ. ಫೋಕಸ್‌ರೈಟ್ ಕಂಪೆನಿಯ ಸ್ಕಾರ್ಲೆಟ್ ಪೆಟ್ಟಿಗೆಗಳ ನಾಲ್ಕನೆಯ ತಲೆಮಾರನ್ನೇ ನೋಡಿ: ಸೋಲೋ ಎಂಬ ಕಿರಿಯದು 57 ಡೆಸಿಬೆಲ್ ಎತ್ತಿದರೆ, 2ಐ2 ಎಂಬುದು 69 ಡೆಸಿಬೆಲ್ ಎತ್ತುತ್ತದೆ. ಹನ್ನೆರಡರ ಈ ಅಂತರ ವಾಸ್ತವದಲ್ಲಿ ನಾಲ್ಕು ಪಟ್ಟು. ಒಂದೇ ಬಳಗದ ಎರಡು ಪೆಟ್ಟಿಗೆಗಳಲ್ಲಿ ಎಸ್‌ಎಂ 7ಬಿಯಂಥದರ ಮುಂದಿನ ಮೆಲುದನಿಗೆ ಒಂದು ಸಾಲದು, ಇನ್ನೊಂದು ಸಾಕು. ಕಂಡೆನ್ಸರ್ ಮೈಕ್ರೋಫೋನು ಸಾಮಾನ್ಯವಾಗಿ ಡೈನಮಿಕ್ಕಿನ ಹತ್ತು ಪಟ್ಟು ವಿದ್ಯುತ್ತನ್ನು ಕೊಡುವುದರಿಂದ ಅದನ್ನು ಬಳಸುವವರಿಗೆ ಕಿರಿಯ ಪೆಟ್ಟಿಗೆಯೇ ಧಾರಾಳ.

ಎರಡನೆಯದು, ಎತ್ತುವಾಗ ಪೆಟ್ಟಿಗೆ ತಾನು ಎಷ್ಟು ಗದ್ದಲ ಸೇರಿಸುತ್ತದೆ ಎಂಬುದು. ಜಾನ್ಸನ್ ತೋರಿಸಿದ ನಿಯಮದಂತೆ 150 ಓಮಿನ ಮೂಲಕ್ಕೆ ಪ್ರಕೃತಿಯೇ ಹಾಕಿದ ಗಡಿ ಸುಮಾರು ಮೈನಸ್ 131 ಡೆಸಿಬೆಲ್. ಮೈನಸ್ 127, 128ರ ಆಸುಪಾಸಿನಲ್ಲಿರುವ ಪೆಟ್ಟಿಗೆ ಆ ಗಡಿಗೆ ಮೂರು ನಾಲ್ಕು ಹೆಜ್ಜೆ ಮಾತ್ರ ದೂರ. ಎಷ್ಟು ಹಣ ಕೊಟ್ಟರೂ ಗಡಿಯನ್ನು ದಾಟುವಂತಿಲ್ಲ. 1970ರಲ್ಲಿ ರೂಪರ್ಟ್ ನೀವ್ ರಚಿಸಿದ 1073 ಎಂಬ ಪ್ರೀಆಂಪು ಇಂದಿಗೂ ದಂತಕಥೆಯಾಗಿದೆ, ನಿಜ. ಅದು ದನಿಗೆ ತನ್ನದೇ ಒಂದು ಕಾಂತಿಯನ್ನು ಲೇಪಿಸುತ್ತದೆ; ಹಾಡಿಗೆ ಅದು ಆಭರಣವಾದೀತು. ಇದ್ದುದನ್ನು ಇದ್ದಂತೆ ದಾಖಲಿಸುವವನಿಗೆ ಲೇಪ ಬೇಡ.

ಮೂರನೆಯದು, ಬಾಯಿಗಳ ಲೆಕ್ಕ. ಗಮಕದಲ್ಲಿ ವಾಚಕರೊಬ್ಬರು, ವ್ಯಾಖ್ಯಾನಕಾರರೊಬ್ಬರು. ಇಬ್ಬರಿಗೂ ಬೇರೆ ಬೇರೆ ಮೈಕ್ರೋಫೋನ್ ಇಟ್ಟರೆ ತಾನೆ ಒಬ್ಬರ ದನಿಯನ್ನು ಇನ್ನೊಬ್ಬರಿಗೆ ಸರಿದೂಗಿಸಲು ಸಾಧ್ಯ? ಆದ್ದರಿಂದ ಎರಡು ಪ್ರೀಆಂಪುಗಳುಳ್ಳ ಪೆಟ್ಟಿಗೆ ಸಾಕು, ಎಂಟು ವ್ಯರ್ಥ. ಓದುವವರಿಗೆ ತಮ್ಮ ದನಿ ಕಂಪ್ಯೂಟರನ್ನು ಸುತ್ತಿಕೊಂಡು ತಡವಾಗಿ ಬರದೆ, ಪೆಟ್ಟಿಗೆಯಿಂದಲೇ ನೇರವಾಗಿ ಹೆಡ್‌ಫೋನಿಗೆ ಕೇಳುವ ಸೌಕರ್ಯವಿರುವುದು ಮೇಲು.

ಇವೆಲ್ಲಕ್ಕೂ ಮುಂಚೆ ಕಾಸಿಲ್ಲದೆ ದೊರೆಯುವ ಒಂದು ಪ್ರೀಆಂಪ್ ಇದೆ, ಅದೇ ಸಾಮೀಪ್ಯ. ಬಾಯಿಗೂ ಮೈಕ್ರೋಫೋನಿಗೂ ನಡುವಣ ದೂರವನ್ನು ಅರ್ಧ ಮಾಡಿದರೆ ನೇರದನಿ ಇಮ್ಮಡಿಯಾಗುತ್ತದೆ, 6 ಡೆಸಿಬೆಲ್ ಉಚಿತ. ಫ್ಯಾನನ್ನು ನಿಲ್ಲಿಸಿ, ಕಿಟಕಿ ಮುಚ್ಚಿ, ಗೋಡೆಗೆ ಕಂಬಳಿ ಇಳಿಬಿಟ್ಟರೆ ಇನ್ನೂ ಅಷ್ಟು ಲಾಭ. 24 ಬಿಟ್ಟಿನ ಮೆಟ್ಟಿಲುಗಳು ಹೇರಳವಾಗಿರುವುದರಿಂದ ದನಿಯನ್ನು ತುತ್ತತುದಿಗೆ ಏರಿಸುವ ಆತುರವೂ ಬೇಡ. ಅತಿ ಎತ್ತರದ ಸ್ವರ ಗರಿಷ್ಠಕ್ಕಿಂತ 12 ಡೆಸಿಬೆಲ್ ಕೆಳಗೆ ನಿಂತರೆ ಕ್ಷೇಮ.

ಕಹಳೆಯ ಕಾಲದಲ್ಲಿ ದನಿಯಿಲ್ಲದವರನ್ನು ಚರಿತ್ರೆಯಿಂದ ಹೊರಗಿಟ್ಟದ್ದು ಯಂತ್ರದ ಅಶಕ್ತಿ. ಅದಕ್ಕೆ ಯಾರನ್ನೂ ದೂರುವಂತಿಲ್ಲ. ಇಂದು ಆ ನೆಪ ಉಳಿದಿಲ್ಲ. ಷಟ್ಪದಿಯ ಧಾಟಿಗಳನ್ನು, ಹಂತಿಯ ಹಾಡುಗಳನ್ನು, ತವರಿನ ಪದಗಳನ್ನು ಕಂಠದಲ್ಲಿರಿಸಿಕೊಂಡ ಹಿರಿಯರು ನಮ್ಮ ಬೀದಿಯಲ್ಲಿಯೇ ಇದ್ದಾರೆ. ಅವರ ಮೆಲುದನಿಯನ್ನು ಎತ್ತಿಕೊಳ್ಳಬಲ್ಲ ಪೆಟ್ಟಿಗೆ ಒಂದು ಅಂಗೈಯಗಲದ್ದು. ಕೊಳ್ಳಲು ಹೊರಟವರು ಅಂಗಡಿಯವನನ್ನು ಒಂದೇ ಮಾತು ಕೇಳಿದರೆ ಸಾಕು: ಮೆಲ್ಲನೆ ಆಡಿದ್ದು ಇದಕ್ಕೆ ಚೆನ್ನಾಗಿ ಕೇಳಿಸುತ್ತದೆಯೇ? ಹೌದಾದರೆ ತಂದುಬಿಡಿ. ತಡಮಾಡಬೇಡಿ, ಪೆಟ್ಟಿಗೆಗಳು ನಾಳೆಯೂ ದೊರೆಯುತ್ತವೆ.