ತೋಳು ಯಾರದು, ಸೂಜಿ ಯಾರದು?

ನಮ್ಮ ಕೇರಿಯ ಮುದುಕಿಯರ ತೋಳು ನೋಡಿದ್ದೀರಾ? ಭುಜದ ಕೆಳಗೆ ನಾಲ್ಕಾಣೆಯಗಲದ ಗುಂಡನೆಯ ಗುರುತು. ಅದು ಸಿಡುಬಿನ ದಾಕು. "ಅಮ್ಮ ಬರಬಾರದು ಅಂತ ಹಾಕಿದ್ರು ಕಣಪ್ಪ. ಹೊಲದೊಳಕ್ಕೆ ಓಡಿಹೋಗಿದ್ದೆ, ಹಿಡಕೊಂಡು ಬಂದು ಹಾಕಿದ್ರು" ಅಂತ ನಗುತ್ತಾ ಹೇಳ್ತಾರೆ. ಆ ಗುರುತಿಗೊಂದು ಚರಿತ್ರೆ ಇದೆ. ನಾವು ಶಾಲೆಯಲ್ಲಿ ಓದಿದ ಪಾಠದಲ್ಲಿ ಜೆನ್ನರ್ ಇದ್ದ, ಹಸು ಇತ್ತು. ತೋಳು ಕೊಟ್ಟವರು ಇರಲಿಲ್ಲ.

ಲಸಿಕೆ ಈ ದೇಶಕ್ಕೆ ಬಂದದ್ದು ಸೀಸೆಯಲ್ಲಿ ಅಲ್ಲ, ಮಕ್ಕಳ ತೋಳಿನಲ್ಲಿ. 1802ರ ಜೂನ್ 14ರಂದು ಮುಂಬಯಿಯಲ್ಲಿ ಅನ್ನಾ ಡಸ್ಟ್‌ಹಾಲ್ ಎಂಬ ಮೂರು ವರ್ಷದ ಹುಡುಗಿಗೆ ಮೊದಲು ದಾಕು ಹಾಕಿದರು. ಅವಳ ತೋಳಿನ ಗುಳ್ಳೆಯಲ್ಲಿ ತುಂಬಿದ ರಸ ತೆಗೆದು ಬೇರೆ ಮಕ್ಕಳಿಗೆ ಹಚ್ಚಿದರು. ಆ ಮಕ್ಕಳಿಂದ ಇನ್ನಷ್ಟು ಮಕ್ಕಳಿಗೆ. ನಮ್ಮ ಬಿಸಿಲಿಗೆ ಒಣಗಿಸಿಟ್ಟ ರಸ ಕೆಡುತ್ತಿತ್ತು. ಆದ್ದರಿಂದ ವಾರಕ್ಕೊಮ್ಮೆ ಹೊಸ ತೋಳು ಬೇಕು, ಸರಪಳಿ ಕಡಿಯಬಾರದು. ಗುಳ್ಳೆ ಕೀಳುವಾಗ ಮಗು ಅಳುತ್ತದೆ. ಸಿರಿವಂತರು ತಮ್ಮ ಮಕ್ಕಳನ್ನು ಅದಕ್ಕೆ ಕೊಡ್ತಾರಾ? ಬಡವರ ಮಕ್ಕಳನ್ನು ಕಾಸು ಕೊಟ್ಟು, ಹೆದರಿಸಿ ಕರೆತಂದರು.

ಅಲ್ಲೇ ಜಾತಿಯೂ ಬಂದು ಕೂತಿತು. ಕೀಳುಜಾತಿಯ ಮಗುವಿನ ತೋಳಿನ ರಸ ನಮ್ಮ ಮಗುವಿನ ರಕ್ತಕ್ಕೆ ಸೇರಬಾರದು ಅಂತ ಮೇಲ್ಜಾತಿಯವರು ಹಟ ಹಿಡಿದರು. ಹತ್ತೊಂಬತ್ತನೇ ಶತಮಾನದುದ್ದಕ್ಕೂ ಇದು ವೈದ್ಯಾಧಿಕಾರಿಗಳಿಗೆ ದೊಡ್ಡ ತಲೆನೋವು. ಮೈಸೂರಿನಲ್ಲಿ ಅರಮನೆಯವರೇ ಮುಂದೆ ಬಂದರು. ಥಾಮಸ್ ಹಿಕಿ 1805ರ ಸುಮಾರಿಗೆ ಬರೆದ ಮೂವರು ಹೆಂಗಸರ ಚಿತ್ರವೊಂದಿದೆ. ಅದರಲ್ಲಿರುವವರು ಮೈಸೂರಿನ ರಾಣಿಯರು, ಒಬ್ಬಾಕೆ ಸೆರಗು ಸರಿಸಿ ದಾಕು ಹಾಕಿಸಿಕೊಂಡ ತೋಳು ತೋರಿಸುತ್ತಿದ್ದಾಳೆ ಅಂತ ಇತಿಹಾಸಕಾರರು ವಾದಿಸಿದ್ದಾರೆ. ಒಳ್ಳೆಯದೇ. ರಾಣಿಯ ತೋಳಿಗೆ ಚಿತ್ರಕಾರ ಸಿಕ್ಕ. ರಸ ಕೊಟ್ಟ ನೂರಾರು ಮಕ್ಕಳ ತೋಳಿಗೆ ಯಾರೂ ಸಿಗಲಿಲ್ಲ.

ಇನ್ನು ಪ್ಲೇಗಿನ ಮಾತು. 1896ರಲ್ಲಿ ಮುಂಬಯಿಗೆ ಬಂದ ಪ್ಲೇಗು ಮುಂದಿನ ಎರಡು ಮೂರು ದಶಕಗಳಲ್ಲಿ ದೇಶದ ಒಂದು ಕೋಟಿಗೂ ಹೆಚ್ಚು ಜನರನ್ನು ನುಂಗಿತು. ಸರ್ಕಾರ ಕಾಯಿಲೆಯವರನ್ನು ಎಳೆದು ಆಸ್ಪತ್ರೆಗೆ ಹಾಕಲು ಹೊರಟಿತು. ಆ ಅಕ್ಟೋಬರಿನಲ್ಲಿ ಗಿರಣಿ ಕೂಲಿಗಳು ಆರ್ಥರ್ ರೋಡ್ ಆಸ್ಪತ್ರೆಯ ಮೇಲೆ ನುಗ್ಗಿದರು. ಆಗ ಮುನಿಸಿಪಾಲಿಟಿಯನ್ನು ನಡುಗಿಸಿದ ಭಯ ಇನ್ನೊಂದು: ಮಲ ಹೊರುವ ಹಲಾಲ್‌ಖೋರರು ಊರು ಬಿಟ್ಟುಹೋದರೆ ಗತಿಯೇನು? ಅವರು ಹೋದರೆ ಮುಂಬಯಿಯೇ ಇರೋದಿಲ್ಲ ಅಂತ ಅಧಿಕಾರಿಗಳಿಗೆ ಗೊತ್ತಾಯ್ತು, ನಿಯಮ ಸಡಿಲವಾಯ್ತು. ಎಲ್ಲರಿಗಿಂತ ಕೆಳಗೆ ಇಟ್ಟವರ ಕಾಲ ಮೇಲೆ ಇಡೀ ಪಟ್ಟಣ ನಿಂತಿತ್ತು. ಇದನ್ನು ನಾವು ಮರೆಯಬಾರದು.

1897ರ ಫೆಬ್ರವರಿ 4ರಂದು ಸಾಂಕ್ರಾಮಿಕ ರೋಗಗಳ ಕಾಯಿದೆ ಬಂತು. ನಾಲ್ಕೇ ಕಲಮು. ಸರ್ಕಾರ ಯಾವ ಕ್ರಮವನ್ನಾದರೂ ಕೈಗೊಳ್ಳಬಹುದು, ಮೀರಿದವರಿಗೆ ಶಿಕ್ಷೆ, ಸದುದ್ದೇಶದಿಂದ ಮಾಡಿದ್ದಕ್ಕೆ ಅಧಿಕಾರಿಯ ಮೇಲೆ ದಾವೆ ಹೂಡುವಂತಿಲ್ಲ. ಜನರ ಹಕ್ಕಿನ ಬಗ್ಗೆ ಒಂದು ಕಲಮೂ ಇಲ್ಲ.

ಪುಣೆಯಲ್ಲಿ ರ‍್ಯಾಂಡ್ ಎಂಬ ಅಧಿಕಾರಿಯ ಕೈಗೆ ಪ್ಲೇಗು ಸಮಿತಿ ಸಿಕ್ಕಿತು. ಸಿಪಾಯಿಗಳು ಮನೆಯೊಳಗೆ ನುಗ್ಗಿದರು, ಹೆಂಗಸರ ಮೈ ಪರೀಕ್ಷೆ ಮಾಡಿದರು, ಪಾತ್ರೆ ಬಟ್ಟೆ ಸುಟ್ಟರು. ಜೂನ್ 22ರ ರಾತ್ರಿ ಚಾಪೇಕರ್ ಸೋದರರು ರ‍್ಯಾಂಡನಿಗೆ ಗುಂಡು ಹೊಡೆದರು. ತಿಲಕರಿಗೆ ರಾಜದ್ರೋಹದ ಹೆಸರಲ್ಲಿ ಹದಿನೆಂಟು ತಿಂಗಳ ಸಜೆಯಾಯಿತು. ಇಷ್ಟು ನಮಗೆ ಪಾಠದಲ್ಲಿದೆ. ಸಿಪಾಯಿಯ ದರ್ಪ ಸುಳ್ಳಲ್ಲ, ಅದರ ವಿರುದ್ಧದ ಸಿಟ್ಟೂ ಸುಳ್ಳಲ್ಲ. ಆದರೆ ಅಲ್ಲಿ ಇನ್ನೊಂದು ಸಿಟ್ಟೂ ಇತ್ತು. ನಮ್ಮನ್ನು ಮಹಾರರ ಪಕ್ಕ ಮಲಗಿಸ್ತಾರೆ, ಅವರ ಕೈಯ ನೀರು ಕುಡಿಸ್ತಾರೆ ಅನ್ನುವ ಸಿಟ್ಟು. ಅದಕ್ಕೆಂದೇ ಜಾತಿಗೊಂದು, ಧರ್ಮಕ್ಕೊಂದು ಪ್ಲೇಗು ಆಸ್ಪತ್ರೆ ಎದ್ದವು. ದಬ್ಬಾಳಿಕೆಯ ವಿರುದ್ಧದ ಸಿಟ್ಟು ಬೇರೆ, ಮೈಲಿಗೆಯ ಸಿಟ್ಟು ಬೇರೆ. ಎರಡನ್ನೂ ಒಂದೇ ಹಗ್ಗದಲ್ಲಿ ಕಟ್ಟಿ ದೇಶಪ್ರೇಮ ಅಂತ ನಮಗೆ ಕಲಿಸಿದರು.

ಅದೇ ಪುಣೆ, ಅದೇ ವರ್ಷ. ಸಾವಿತ್ರಿಬಾಯಿ ಫುಲೆ ಮತ್ತು ಅವರ ಸಾಕುಮಗ ಡಾಕ್ಟರ್ ಯಶವಂತ ಊರ ಹೊರಗೆ ಪ್ಲೇಗಿನವರಿಗೆ ಚಿಕಿತ್ಸಾಲಯ ತೆರೆದರು. ಮುಂಢ್ವಾದ ಮಹಾರವಾಡೆಯ ಹುಡುಗನೊಬ್ಬನಿಗೆ ಕಾಯಿಲೆ ಅಂತ ಕೇಳಿ, ಅರವತ್ತು ದಾಟಿದ ಆ ತಾಯಿ ಅವನನ್ನು ಬೆನ್ನ ಮೇಲೆ ಹೊತ್ತು ತಂದರು. ಹುಡುಗ ಬದುಕಿದ. ಸಾವಿತ್ರಿಬಾಯಿ ಅದೇ ಪ್ಲೇಗಿಗೆ 1897ರ ಮಾರ್ಚ್ 10ರಂದು ಸತ್ತರು. ಒಂದು ಕಡೆ ಮುಟ್ಟಿ ಹಿಂಸಿಸಿದ ಸರ್ಕಾರ, ಇನ್ನೊಂದು ಕಡೆ ಮುಟ್ಟಬಾರದು ಅಂದ ಸಮಾಜ. ನಡುವೆ ಮುಟ್ಟಿ ಎತ್ತಿಕೊಂಡ ಒಬ್ಬಳು ತಾಯಿ. ಬಂದೂಕಿನ ಕಥೆ ನಮ್ಮ ಪಾಠಕ್ಕೆ ಬಂತು, ಈ ಬೆನ್ನಿನ ಕಥೆ ಬರಲಿಲ್ಲ.

ಪ್ಲೇಗಿಗೆ ಸೂಜಿಮದ್ದು ಕಂಡುಹಿಡಿದವನು ಹಾಫ್ಕಿನ್. 1897ರ ಜನವರಿ 10ರಂದು ಮೊದಲು ತನಗೇ ಚುಚ್ಚಿಕೊಂಡ. ಆ ಮನುಷ್ಯನ ಬಗ್ಗೆ ಗೌರವ ಇದೆ. ಆಮೇಲಿನ ಪರೀಕ್ಷೆ ಎಲ್ಲಿ? ಬೈಕುಲ್ಲಾ ಜೈಲಿನ ಕೈದಿಗಳ ಮೇಲೆ. ಅವರು ಒಪ್ಪಿ ಬಂದವರು ಅಂತ ದಾಖಲೆ ಹೇಳುತ್ತದೆ. ಜೈಲಿನೊಳಗಿನ ಒಪ್ಪಿಗೆ ಎಂಥದ್ದು ಅಂತ ಜೀತದ ಮನೆಗಳಿಂದ ಬಂದ ನಮಗೆ ಯಾರೂ ಹೇಳಿಕೊಡಬೇಕಿಲ್ಲ. 1898ರಲ್ಲಿ ನಮ್ಮ ಹುಬ್ಬಳ್ಳಿ ಧಾರವಾಡದಲ್ಲಿ ಸಾವಿರಾರು ಜನ ಈ ಸೂಜಿ ಹಾಕಿಸಿಕೊಂಡರು, ಅದರಿಂದ ಸಾವು ತಗ್ಗಿತು. 1902ರಲ್ಲಿ ಪಂಜಾಬಿನ ಮುಲ್ಕೊವಾಲ್ ಎಂಬ ಹಳ್ಳಿಯಲ್ಲಿ ಕೆಟ್ಟ ಸೀಸೆಯಿಂದ ಧನುರ್ವಾಯು ತಗಲಿ 19 ಜನ ಸತ್ತರು. ತಪ್ಪನ್ನು ಹಾಫ್ಕಿನ್ ತಲೆಗೆ ಕಟ್ಟಿದರು. ಅವನು ನಿರ್ದೋಷಿ ಅಂತ ಒಪ್ಪಲು 1907ರವರೆಗೆ ಬೇಕಾಯ್ತು. ಅಷ್ಟರಲ್ಲಿ ಹಳ್ಳಿಗಳು ಸೂಜಿಗೆ ಹೆದರಿದ್ದವು. ಹಳ್ಳಿಯವರು ಮೂಢರು ಅಂತ ಬರೆದರೇ ಹೊರತು, ಅವರಿಗೆ ನಡೆದದ್ದನ್ನು ಬಿಡಿಸಿ ಹೇಳಿದವರು ಕಡಿಮೆ.

ಗೆಳೆಯರೇ, ಇದೆಲ್ಲ ಹಳೇ ಕಥೆ ಅನ್ನಬೇಡಿ. 2020ರ ಮಾರ್ಚಿನಲ್ಲಿ ಕೊರೋನಾ ಬಂದಾಗ ಸರ್ಕಾರ ಕೈಗೆತ್ತಿಕೊಂಡದ್ದು ಅದೇ 1897ರ ಕಾಯಿದೆಯನ್ನು. ನಾಲ್ಕು ಗಂಟೆಗಳ ಸೂಚನೆ ಕೊಟ್ಟು ದೇಶಕ್ಕೆ ಬೀಗ ಹಾಕಿದರು. ಮೇ ತಿಂಗಳಲ್ಲಿ ಬಿಲ್ಡರುಗಳ ಜೊತೆ ಮಾತಾಡಿದ ಮೇಲೆ ಕರ್ನಾಟಕ ಸರ್ಕಾರ ವಲಸೆ ಕಾರ್ಮಿಕರ ರೈಲುಗಳನ್ನೇ ಬೇಡ ಅಂದಿತು. ದೇಶವೆಲ್ಲ ಛೀಮಾರಿ ಹಾಕಿದ ಮೇಲೆ ರೈಲು ಬಿಟ್ಟರು. ಮುಂಬಯಿಯ ಹಲಾಲ್‌ಖೋರರ ಕಾಲಿಗೆ ಹೆದರಿದ ಅದೇ ಹೆದರಿಕೆ, ಈ ಸಲ ಕಾಲನ್ನೇ ಕಟ್ಟಲು ನೋಡಿತು.

2021ರ ಜನವರಿ 16ರಂದು ಲಸಿಕೆ ಶುರುವಾಯಿತು. ದೆಹಲಿಯ ಏಮ್ಸ್‌ನಲ್ಲಿ ಮೊದಲು ಚಾಚಿದ ತೋಳು ಒಬ್ಬ ಸಫಾಯಿ ಕರ್ಮಚಾರಿಯದು. ಅವರಿಗೆ ಹಾಕಿದ ಕೊವ್ಯಾಕ್ಸಿನ್‌ನ ಮೂರನೇ ಹಂತದ ಪರೀಕ್ಷೆಯ ಫಲ ಆಗಿನ್ನೂ ಬಂದಿರಲಿಲ್ಲ. ಅದೇ ದಿನ ದೆಹಲಿಯ ಇನ್ನೊಂದು ಸರ್ಕಾರಿ ಆಸ್ಪತ್ರೆಯ ಕಿರಿಯ ವೈದ್ಯರು, ನಮಗೆ ಕೋವಿಶೀಲ್ಡ್ ಕೊಡಿ ಅಂತ ಪತ್ರ ಬರೆದರು. ಡಾಕ್ಟರಿಗೆ ಕೇಳುವ ಬಾಯಿ ಇತ್ತು. ಆಮೇಲೆ ಆ ಲಸಿಕೆಯ ಪರೀಕ್ಷೆಯ ಫಲ ಚೆನ್ನಾಗಿಯೇ ಬಂತು, ಅದು ಬೇರೆ ಮಾತು. ಗೊತ್ತಿಲ್ಲದಾಗ ಯಾರ ತೋಳು ಮುಂದೆ ಅನ್ನೋದು ನಮ್ಮ ಮಾತು.

ಮೇ 1ರಿಂದ ಲಸಿಕೆಯೂ ಸಂತೆಗೆ ಬಂತು. ಕೇಂದ್ರಕ್ಕೆ 150 ರೂಪಾಯಿ, ರಾಜ್ಯಗಳಿಗೆ 300, 400. ಖಾಸಗಿ ಆಸ್ಪತ್ರೆಗೆ ಕೋವಿಶೀಲ್ಡ್ 600, ಕೊವ್ಯಾಕ್ಸಿನ್ 1200. ಹದಿನೆಂಟರಿಂದ ನಲವತ್ತನಾಲ್ಕರವರು ಫೋನಿನಲ್ಲಿ ಹೆಸರು ಹಚ್ಚಬೇಕು. ನಮ್ಮ ಮನೆಗಳಲ್ಲಿ ಮೊದಲು ಅಕ್ಷರ ಕಲಿತವರು ನಾವು. ಕೇರಿಯವರೆಲ್ಲರ ಆಧಾರ್ ಕಾರ್ಡು ಮುಂದಿಟ್ಟುಕೊಂಡು, ಸಿಗ್ನಲ್ ಹುಡುಕಿ ದಿಬ್ಬ ಹತ್ತಿ ಕೂತವರೂ ನಾವೇ. ಓಟಿಪಿ ಬರುವಷ್ಟರಲ್ಲಿ ಜಾಗ ತುಂಬಿಹೋಗಿರುತ್ತಿತ್ತು. ಮೇ 14ರಿಂದ ಕರ್ನಾಟಕ ಈ ವಯಸ್ಸಿನವರಿಗೆ ಸರ್ಕಾರಿ ಲಸಿಕೆಯನ್ನೇ ಸದ್ಯಕ್ಕೆ ನಿಲ್ಲಿಸಿತು. ಈ ನೀತಿ ಮೇಲ್ನೋಟಕ್ಕೇ ಮನಸೋ ಇಚ್ಛೆಯದು, ತರ್ಕವಿಲ್ಲದ್ದು ಅಂತ ಸುಪ್ರೀಂ ಕೋರ್ಟ್ ಹೇಳಿತು. ಜೂನ್ 7ರಂದು ಪ್ರಧಾನಿ ನೀತಿ ಬದಲಿಸಿದರು, ಜೂನ್ 21ರಿಂದ ಎಲ್ಲ ವಯಸ್ಕರಿಗೂ ಪುಕ್ಕಟೆ ಆಯಿತು. ಗದ್ದಲ ಮಾಡದೆ ಇದು ಆಗಲಿಲ್ಲ.

ಚಾಮರಾಜನಗರವನ್ನು ನೋಡಿ. 2021ರ ಮೇ 2 ಮತ್ತು 3ರಂದು ಅಲ್ಲಿನ ಜಿಲ್ಲಾಸ್ಪತ್ರೆಯಲ್ಲಿ ಆಕ್ಸಿಜನ್ ಕೊರತೆಯ ನಡುವೆ 24 ರೋಗಿಗಳು ಸತ್ತರು. ಅದೇ ವರ್ಷ ಅದೇ ಜಿಲ್ಲೆಯಲ್ಲಿ, ಲಸಿಕೆ ಇಲ್ಲದಿದ್ದರೆ ರೇಷನ್ನಿಲ್ಲ, ಪಿಂಚಣಿಯಿಲ್ಲ ಎಂಬ ಮಾತು ಜಿಲ್ಲಾಡಳಿತದಿಂದಲೇ ಬಂತು. ಉಸಿರು ಕೊಡಲಾಗದ ವ್ಯವಸ್ಥೆ ಅನ್ನ ಕಿತ್ತುಕೊಳ್ಳುವ ಬೆದರಿಕೆ ಹಾಕಿದರೆ ಜನ ಏನಂತ ನಂಬಬೇಕು? 2022ರ ಮೇ 2ರಂದು ಸುಪ್ರೀಂ ಕೋರ್ಟ್, ಲಸಿಕೆಯ ನೀತಿ ಅಸಮಂಜಸವಲ್ಲ, ಆದರೆ ಯಾರಿಗೂ ಬಲವಂತವಾಗಿ ಚುಚ್ಚುವಂತಿಲ್ಲ ಅಂದಿತು. ಅಡ್ಡಪರಿಣಾಮಗಳ ವಿವರ ಜನರ ಮುಂದಿಡಿ ಅಂತಲೂ ಹೇಳಿತು.

ನಾವು ಸೂಜಿಯ ವಿರೋಧಿಗಳಲ್ಲ. ಸಿಡುಬು ಹೋದದ್ದು ಹರಕೆಯಿಂದಲ್ಲ, ಆ ಮುದುಕಿಯರ ತೋಳಿನ ಗುರುತಿನಿಂದ. ಲಸಿಕೆ ಬೇಡ ಅಂತ ಸುಳ್ಳು ಹಬ್ಬಿಸುವವರು ನಮ್ಮವರನ್ನೇ ಮೊದಲು ಕೊಲ್ಲುತ್ತಾರೆ. ಹಾಗಂತ ಪ್ರಶ್ನೆ ಕೇಳುವ ಕೇರಿಯನ್ನು ಮೂಢರ ಕೇರಿ ಅನ್ನುವವರ ಜೊತೆಗೂ ನಾವಿಲ್ಲ. 2020ರಲ್ಲಿ ಆ ಹಳೇ ಕಾಯಿದೆಗೆ ಆರೋಗ್ಯ ಕಾರ್ಯಕರ್ತರ ರಕ್ಷಣೆಯ ತಿದ್ದುಪಡಿ ಸೇರಿಸಿದರು. ಸರಿ, ಆಶಾ ಅಕ್ಕಂದಿರ ಮೇಲೆ ಕೈ ಮಾಡುವುದು ಪಾಪದ ಕೆಲಸ. ಆದರೆ ಆ ಆಶಾ ಅಕ್ಕ ಬಾಗಿಲು ತಟ್ಟುವ ಮನೆಯವರ ಹಕ್ಕು ಆ ತಿದ್ದುಪಡಿಯಲ್ಲೂ ಬರೆಯಲ್ಪಡಲಿಲ್ಲ.

ಹಳ್ಳಿಯ ಮೇಷ್ಟರೇ, ಸಿಡುಬಿನ ಪಾಠ ಮಾಡುವ ದಿನ ಒಬ್ಬ ಅಜ್ಜಿಯನ್ನು ಶಾಲೆಗೆ ಕರೆಸಿ. ಕೇರಿಯ ಅಜ್ಜಿಯನ್ನೇ ಕರೆಸಿ, ಕುರ್ಚಿ ಹಾಕಿ ಕೂರಿಸಿ. ಮಕ್ಕಳು ಆ ತೋಳು ಮುಟ್ಟಿ ನೋಡಲಿ.