ನಗಿಸುವವನ ಕಣ್ಣೀರು: ಸರ್ಕಸ್ಸಿನ ಜೋಕರ್‌ನಿಂದ ಯಕ್ಷಗಾನದ ಬಾಹುಕನವರೆಗೆ

ಹೆಗಡೆಕಟ್ಟಾ (ಶಿರಸಿ): ಹೆಗಡೆಕಟ್ಟಾ ಸುತ್ತಮುತ್ತಲಿನ ಹಳ್ಳಿಗಳ ಹಿರಿಯರಿಗೆ ಎರಡು ಬಗೆಯ ವಿದೂಷಕರು ಪರಿಚಿತರು. ಒಬ್ಬ, ಎರಡು ವರ್ಷಕ್ಕೊಮ್ಮೆ ನಡೆಯುವ ಶಿರಸಿ ಮಾರಿಕಾಂಬಾ ಜಾತ್ರೆಯ ಸರ್ಕಸ್ ಡೇರೆಯಲ್ಲಿ ಕಂಡ ಜೋಕರ್. ಇನ್ನೊಬ್ಬ, ಕೊಯ್ಲು ಮುಗಿದ ಗದ್ದೆಬಯಲಿನಲ್ಲಿ, ದೇವಸ್ಥಾನದ ಅಂಗಳದಲ್ಲಿ ಬೆಳಗಿನವರೆಗೂ ಎಚ್ಚರವಿರಿಸಿದ ಯಕ್ಷಗಾನದ ಹಾಸ್ಯಗಾರ. ನಗಿಸುವುದು ಇಬ್ಬರ ಕಸುಬು. ನಗುವಿನ ಬೆನ್ನಿಗೇ ದುಃಖವನ್ನು ಹೊತ್ತು ತರುವುದೂ ಇಬ್ಬರಿಗೂ ಪರಂಪರೆಯಿಂದ ಬಂದ ಹೊಣೆ. ಜಗತ್ತು ‘ದುಃಖಿ ವಿದೂಷಕ’ ಎಂದು ಕೊಂಡಾಡುವ ಪಾತ್ರದ ನಮ್ಮ ನೆಲದ ರೂಪವನ್ನು ಈ ಹಾಸ್ಯಗಾರನಲ್ಲಿ ಕಾಣಬಹುದು.

ಬಣ್ಣದ ಹಿಂದಿನ ಮುಖ

ಪಾಶ್ಚಾತ್ಯ ವಿದೂಷಕ ಪರಂಪರೆಯ ಆದಿಪುರುಷನೆಂದು ಲಂಡನ್ನಿನ ಜೋಸೆಫ್ ಗ್ರಿಮಾಲ್ಡಿಯನ್ನು (1778–1837) ಗುರುತಿಸಲಾಗುತ್ತದೆ. ವಿಷಣ್ಣತೆಯಿಂದ ಬಳಲುತ್ತಿದ್ದ ರೋಗಿಯೊಬ್ಬನಿಗೆ ವೈದ್ಯ ‘ಹೋಗಿ ಗ್ರಿಮಾಲ್ಡಿಯ ಆಟ ನೋಡು’ ಎಂದನಂತೆ. ‘ನಾನೇ ಗ್ರಿಮಾಲ್ಡಿ’ ಎಂದು ರೋಗಿ ಉತ್ತರಿಸಿದನಂತೆ. ಇದು ದಂತಕಥೆ, ಬೇರೆ ಕಲಾವಿದರ ಹೆಸರಿನಲ್ಲಿಯೂ ಪ್ರಚಲಿತವಾಗಿದೆ. ಆದರೆ ಗ್ರಿಮಾಲ್ಡಿ ಕೊನೆಗಾಲದಲ್ಲಿ ಅನಾರೋಗ್ಯ ಮತ್ತು ಬಡತನದಲ್ಲಿ ನವೆದದ್ದು ಇತಿಹಾಸ. ಅವನ ನೆನಪಿಗಾಗಿ ಫೆಬ್ರವರಿಯ ಮೊದಲ ಭಾನುವಾರ ವಿದೂಷಕರು ಬಣ್ಣ ಬಳಿದುಕೊಂಡೇ ಲಂಡನ್ನಿನ ಚರ್ಚಿನಲ್ಲಿ ಪ್ರಾರ್ಥನೆಗೆ ಸೇರುವ ಪದ್ಧತಿ ದಶಕಗಳಿಂದ ಬಂದಿದೆ.

ಫ್ರಾನ್ಸಿನಲ್ಲಿ ದೆಬ್ಯುರೋ ಎಂಬ ನಟ ಬಿಳಿ ಮುಖದ, ಮಾತಿಲ್ಲದ ಪಿಯೆರೋ ಪಾತ್ರಕ್ಕೆ ಹೊಸ ಜೀವ ತುಂಬಿದನು. 1892ರಲ್ಲಿ ಲಿಯೋನ್‌ಕವಾಲ್ಲೋ ರಚಿಸಿದ ‘ಪಾಲ್ಯಾಚಿ’ ಗೀತನಾಟಕದಲ್ಲಿ ಎದೆಯೊಡೆದ ನಟನೊಬ್ಬ ವಿದೂಷಕನ ವೇಷ ತೊಟ್ಟು ರಂಗಕ್ಕೆ ಹೋಗಲೇಬೇಕಾಗುತ್ತದೆ. ಅಮೆರಿಕೆಯ ಸರ್ಕಸ್ಸಿನಲ್ಲಿ ಎಮೆಟ್ ಕೆಲ್ಲಿ (1898–1979) ‘ವೇರಿ ವಿಲ್ಲಿ’ ಎಂಬ ಅಲೆಮಾರಿಯಾಗಿ ಪ್ರಸಿದ್ಧನಾದನು. ನೆಲದ ಮೇಲೆ ಬಿದ್ದ ದೀಪದ ಬೆಳಕನ್ನು ಪೊರಕೆಯಿಂದ ಗುಡಿಸಿಹಾಕಲು ಅವನು ಹೆಣಗುವುದೇ ಒಂದು ಆಟ. 1944ರ ಜುಲೈ 6ರಂದು ಹಾರ್ಟ್‌ಫರ್ಡ್ ನಗರದಲ್ಲಿ ಸರ್ಕಸ್ ಡೇರೆಗೆ ಬೆಂಕಿ ಬಿದ್ದು 160ಕ್ಕೂ ಹೆಚ್ಚು ಜನ ಸತ್ತಾಗ, ಅದೇ ವೇಷದಲ್ಲಿ ನೀರಿನ ಬಕೆಟ್ ಹಿಡಿದು ಧಾವಿಸುತ್ತಿದ್ದ ಕೆಲ್ಲಿಯ ಛಾಯಾಚಿತ್ರ ಪ್ರಸಿದ್ಧವಾಯಿತು.

ಭಾರತದ ಡೇರೆ

ಭಾರತೀಯ ಸರ್ಕಸ್ಸಿನ ಆರಂಭವನ್ನು 1880ರಲ್ಲಿ ವಿಷ್ಣುಪಂತ ಛತ್ರೆ ಅವರ ‘ಗ್ರೇಟ್ ಇಂಡಿಯನ್ ಸರ್ಕಸ್’ನಿಂದ ಲೆಕ್ಕ ಹಿಡಿಯಲಾಗುತ್ತದೆ. ಕೇರಳದ ತಲಶ್ಶೇರಿಯಲ್ಲಿ ಕೀಲೇರಿ ಕುಞ್ಞಿಕಣ್ಣನ್ ಕಟ್ಟಿದ ಶಾಲೆ ಈ ಕಸುಬಿಗೆ ತಲೆಮಾರುಗಳ ಕಲಾವಿದರನ್ನು ಕೊಟ್ಟಿತು. ಇಲ್ಲಿನ ಜೋಕರ್‌ಗಳಲ್ಲಿ ಬಹಳ ಮಂದಿ ಗಿಡ್ಡ ದೇಹದವರು. ಬೇರೆಡೆ ಕೆಲಸ ಸಿಗದೆ ಡೇರೆ ಸೇರಿದವರೂ ಅವರಲ್ಲಿದ್ದಾರೆ. 1970ರಲ್ಲಿ ತೆರೆಕಂಡ ರಾಜ್ ಕಪೂರರ ‘ಮೇರಾ ನಾಮ್ ಜೋಕರ್’ ಈ ಬದುಕಿನ ಒಂಟಿತನವನ್ನು ದೇಶಕ್ಕೆ ಪರಿಚಯಿಸಿತು. ಹುಲಿ, ಸಿಂಹ, ಕರಡಿ, ಮಂಗಗಳ ಪ್ರದರ್ಶನವನ್ನು ನಿಷೇಧಿಸಿದ ಕೇಂದ್ರ ಸರ್ಕಾರದ ಆದೇಶವನ್ನು 2001ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಸರ್ಕಸ್ಸಿನಲ್ಲಿ ಮಕ್ಕಳ ದುಡಿಮೆಗೆ 2011ರಲ್ಲಿ ತಡೆ ಬಿತ್ತು. ಎರಡೂ ನ್ಯಾಯವಾದ ಕ್ರಮಗಳೇ. ಅವುಗಳ ಜೊತೆಗೆ ಟಿ.ವಿ.ಯ ಪೈಪೋಟಿಯೂ ಸೇರಿ ಡೇರೆಗಳು ವಿರಳವಾದವು.

ಹಾಸ್ಯಗಾರನ ಸ್ಥಾನ

ಯಕ್ಷಗಾನ ಮೇಳದಲ್ಲಿ ಹಾಸ್ಯಗಾರನ ಸ್ಥಾನ ಅಗ್ಗದ್ದಲ್ಲ. ದೂತ, ಬೇಹಿನಚರ, ಬ್ರಾಹ್ಮಣ, ಮಂಥರೆ ಹೀಗೆ ಒಂದೇ ರಾತ್ರಿಯಲ್ಲಿ ಹಲವು ವೇಷಗಳನ್ನು ಅವನು ನಿರ್ವಹಿಸಬೇಕಾಗುತ್ತದೆ. ಮತ್ತೊಂದು ವೇಷ ಸಿದ್ಧವಾಗುವುದು ತಡವಾದರೆ ರಂಗವನ್ನು ಹಿಡಿದು ನಿಲ್ಲಿಸುವವನೂ ಅವನೇ. ಪ್ರಸಂಗದ ನಡೆ ತಿಳಿಯದವನು ಹಾಸ್ಯಗಾರನಾಗಲಾರ. ಅವನಿಗೆ ರಾಜವೇಷದ ಕಿರೀಟ, ಭುಜಕೀರ್ತಿಗಳ ಆಸರೆಯಿಲ್ಲ. ಸರಳ ಉಡುಗೆ, ಮುಖದ ಮೇಲೆ ನಾಲ್ಕು ಗೆರೆ, ಉಳಿದದ್ದು ಮಾತು.

ಹೊನ್ನಾವರ ತಾಲೂಕಿನ ಕರ್ಕಿಯ ಕಲಾವಿದ ಮನೆತನವೊಂದಕ್ಕೆ ‘ಹಾಸ್ಯಗಾರ’ ಎಂಬುದೇ ಅಡ್ಡಹೆಸರಾಗಿ ನಿಂತಿರುವುದು ಈ ಗೌರವಕ್ಕೆ ಸಾಕ್ಷಿ. ಬಡಗಿನಲ್ಲಿ ಕುಂಜಾಲು ರಾಮಕೃಷ್ಣ, ತೆಂಕಿನಲ್ಲಿ ವಿಟ್ಲ ಗೋಪಾಲಕೃಷ್ಣ ಜೋಷಿ, ಮಿಜಾರು ಅಣ್ಣಪ್ಪ, ಪೆರುವಡಿ ನಾರಾಯಣ ಭಟ್ ಮೊದಲಾದವರು ಹಾಸ್ಯಕ್ಕೆ ತಮ್ಮದೇ ಛಾಪು ಒತ್ತಿದವರು. ಪೆರುವಡಿಯವರು ‘ಪಾಪಣ್ಣ ವಿಜಯ’ದ ಮುಗ್ಧ ಪಾಪಣ್ಣನ ಪಾತ್ರದಿಂದ ಮನೆಮಾತಾದರು.

ಬಾಹುಕನ ಅಳು

ನಗು ಮತ್ತು ಅಳು ಒಂದೇ ಮೈಯಲ್ಲಿ ಸೇರುವುದಕ್ಕೆ ‘ನಳ ದಮಯಂತಿ’ ಪ್ರಸಂಗದ ಬಾಹುಕನಿಗಿಂತ ಉತ್ತಮ ನಿದರ್ಶನವಿಲ್ಲ. ಜೂಜಿನಲ್ಲಿ ರಾಜ್ಯ ಕಳೆದುಕೊಂಡು, ಕಾಡಿನಲ್ಲಿ ಮಡದಿಯನ್ನು ತೊರೆದ ನಳನು ಕಾರ್ಕೋಟಕನ ಕಡಿತದಿಂದ ವಿಕಾರ ರೂಪ ತಾಳುತ್ತಾನೆ. ಬಾಹುಕನೆಂಬ ಹೆಸರಿನಲ್ಲಿ ಅಯೋಧ್ಯೆಯ ಋತುಪರ್ಣನ ಬಳಿ ಸಾರಥಿಯಾಗಿ ಸೇರುತ್ತಾನೆ. ಅನೇಕ ಮೇಳಗಳಲ್ಲಿ ನಳನ ಪಾತ್ರವನ್ನು ಪುರುಷವೇಷಧಾರಿಯೂ ಬಾಹುಕನ ಪಾತ್ರವನ್ನು ಹಾಸ್ಯಗಾರನೂ ಮಾಡುವ ಕ್ರಮವಿದೆ. ಬಾಹುಕನ ನಡಿಗೆಗೆ, ಮಾತಿಗೆ ಸಭೆ ನಗುತ್ತದೆ. ದಮಯಂತಿಯ ಸಖಿ ಕೇಶಿನಿ ಮಕ್ಕಳಿಬ್ಬರನ್ನು ಅವನೆದುರು ತಂದಾಗ ಆ ನಗು ನಿಲ್ಲುತ್ತದೆ. ತನ್ನ ಮಕ್ಕಳನ್ನು ಅಪ್ಪಿ ಅಳುವ ಬಾಹುಕ, ‘ನನಗೂ ಇಂಥ ಮಕ್ಕಳಿದ್ದರು’ ಎಂಬಂತೆ ನೆಪ ಹೇಳಿ ಮರೆಮಾಚಬೇಕಾಗುತ್ತದೆ. ಗಳಿಗೆಯ ಹಿಂದೆ ಆ ವಿಕಾರಕ್ಕೆ ನಕ್ಕ ಪ್ರೇಕ್ಷಕನಿಗೆ ತನ್ನ ನಗುವೇ ಚುಚ್ಚತೊಡಗುತ್ತದೆ.

ಇತರ ಪಾತ್ರಗಳಲ್ಲಿಯೂ ಈ ತಿರುವನ್ನು ಕಾಣಬಹುದು. ‘ಭೀಷ್ಮ ವಿಜಯ’ದಲ್ಲಿ ಅಂಬೆಯನ್ನು ಸಾಲ್ವನ ಬಳಿಗೆ ಕರೆದೊಯ್ಯುವ ವೃದ್ಧ ವಿಪ್ರ ದಾರಿಯುದ್ದಕ್ಕೂ ನಗಿಸುತ್ತಾನೆ, ಸಾಲ್ವ ತಿರಸ್ಕರಿಸಿದಾಗ ಆಕೆಯ ಅವಮಾನಕ್ಕೆ ಅವನೇ ಸಾಕ್ಷಿ. ಸೀತಾಪರಿತ್ಯಾಗದ ಕಥೆಯಲ್ಲಿ ರಜಕ ದಂಪತಿಯ ಜಗಳ ನಗೆಯುಕ್ಕಿಸುತ್ತದೆ. ಅದರಿಂದಲೇ ತುಂಬುಗರ್ಭಿಣಿ ಕಾಡುಪಾಲಾಗುತ್ತಾಳೆ. ಹರಿಶ್ಚಂದ್ರನನ್ನು ಸಾಲಕ್ಕಾಗಿ ಕಾಡುವ ನಕ್ಷತ್ರಿಕನ ಕುಚೋದ್ಯವೂ ಮಡದಿ–ಮಗನ ಮಾರಾಟದಲ್ಲಿ ಕೊನೆಗೊಳ್ಳುತ್ತದೆ. 1965ರ ‘ಸತ್ಯ ಹರಿಶ್ಚಂದ್ರ’ ಕನ್ನಡ ಚಿತ್ರದಲ್ಲಿಯೂ ಈ ಪಾತ್ರ ಹಾಸ್ಯನಟ ನರಸಿಂಹರಾಜು ಅವರ ಪಾಲಿಗೆ ಬಂದಿತ್ತು.

ಭರತನ ನಾಟ್ಯಶಾಸ್ತ್ರವು ಹಾಸ್ಯ ಶೃಂಗಾರದಿಂದಲೂ ಕರುಣ ರೌದ್ರದಿಂದಲೂ ಹುಟ್ಟುತ್ತವೆ ಎನ್ನುತ್ತದೆ. ಶಾಸ್ತ್ರ ಬೇರೆ ಬೇರೆ ಮೂಲ ಹೇಳಿದ ಈ ಎರಡು ರಸಗಳನ್ನು ಹಾಸ್ಯಗಾರ ಒಂದೇ ರಂಗದಲ್ಲಿ ಬೆಸೆಯುತ್ತಾನೆ. ಸರ್ಕಸ್ಸಿನ ದುಃಖಿ ವಿದೂಷಕನ ಕಥೆಗಳು ಬಹುತೇಕ ನಟನ ಖಾಸಗಿ ಬದುಕಿನವು. ಯಕ್ಷಗಾನದಲ್ಲಿ ದುಃಖ ಪಾತ್ರದೊಳಗೇ ಇದೆ.

ಕಿರಿದಾಗುತ್ತಿರುವ ರಂಗ

ಹಾಗೆಂದು ಹಾಸ್ಯಗಾರನ ಬದುಕು ಸುಖದ್ದೆಂದಲ್ಲ. ತಿರುಗಾಟದ ಆರು ತಿಂಗಳು ರಾತ್ರಿ ನಿದ್ದೆಯಿಲ್ಲ; ಮನೆಯಲ್ಲಿ ಕಷ್ಟವಿದ್ದರೂ ಚೌಕಿಯಲ್ಲಿ ಬಣ್ಣ ಹಚ್ಚಲೇಬೇಕು. ತೆಂಕುತಿಟ್ಟಿನ ಹೆಸರಾಂತ ಹಾಸ್ಯಗಾರ ಬಂಟ್ವಾಳ ಜಯರಾಮ ಆಚಾರ್ಯ 2024ರ ಅಕ್ಟೋಬರ್‌ನಲ್ಲಿ ಕೊನೆಯುಸಿರೆಳೆದದ್ದು ಪ್ರದರ್ಶನಕ್ಕೆಂದು ತೆರಳಿದ್ದ ಬೆಂಗಳೂರಿನಲ್ಲಿ.

ಇಂದಿನ ಆತಂಕ ಮತ್ತೊಂದು. ರಾತ್ರಿಯಿಡೀ ನಡೆಯುತ್ತಿದ್ದ ಆಟದ ಬದಲು ಮೂರು–ನಾಲ್ಕು ತಾಸಿನ ಕಾಲಮಿತಿ ಪ್ರದರ್ಶನಗಳು ಹೆಚ್ಚುತ್ತಿವೆ. ಅವಧಿ ಇಳಿಸುವಾಗ ಮೊದಲು ಕತ್ತರಿ ಬೀಳುವುದು ಹಾಸ್ಯದ ಸನ್ನಿವೇಶಗಳಿಗೆ. ಉಳಿದ ಸ್ವಲ್ಪ ಸಮಯದಲ್ಲಿ ಚಪ್ಪಾಳೆ ಗಿಟ್ಟಿಸಲು ಸಿನಿಮಾ ಸಂಭಾಷಣೆ, ದ್ವಂದ್ವಾರ್ಥದ ಮಾತುಗಳು ನುಸುಳುತ್ತವೆ. ವೃದ್ಧ ವಿಪ್ರನ ದಾರಿಯ ಹರಟೆ ಇಲ್ಲವಾದರೆ ಅಂಬೆಯ ಒಂಟಿತನ ಪ್ರೇಕ್ಷಕನನ್ನು ಪೂರ್ತಿಯಾಗಿ ತಟ್ಟುವುದಿಲ್ಲ. ಹಾಸ್ಯ ಕಡಿತವಾದರೆ ನಷ್ಟವಾಗುವುದು ಕರುಣಕ್ಕೆ.

ಆದ್ದರಿಂದ ವಿದೂಷಕನನ್ನು ಕೊಂಡಾಡುವುದೆಂದರೆ ಅವನ ಬಡತನಕ್ಕೆ ಮರುಗುವುದಷ್ಟೇ ಆಗಬಾರದು. ಆಟ ಆಡಿಸುವವರು ಬಾಹುಕನಿಗೆ, ವೃದ್ಧ ವಿಪ್ರನಿಗೆ ಬೇಕಾದ ಸಮಯ ಕೊಡಬೇಕು; ಸಂಭಾವನೆಯಲ್ಲಿ ಹಾಸ್ಯಗಾರನನ್ನು ಎರಡನೆಯ ಸಾಲಿಗೆ ತಳ್ಳಬಾರದು; ತರಬೇತಿ ಕೇಂದ್ರಗಳು ಹೆಜ್ಜೆಯಷ್ಟೇ ಶ್ರದ್ಧೆಯಿಂದ ಹಾಸ್ಯದ ಅರ್ಥಗಾರಿಕೆಯನ್ನೂ ಕಲಿಸಬೇಕು. ಶಿರಸಿ, ಸಿದ್ದಾಪುರ, ಯಲ್ಲಾಪುರ ಸೀಮೆಯಲ್ಲಿ ಇಂದಿಗೂ ಆಟಕ್ಕೆ ಜನ ಸೇರುತ್ತಾರೆ. ನಗಿಸುವವನು ಅಳುವ ಗಳಿಗೆಗೆ ಕಾಯುವ ತಾಳ್ಮೆಯುಳ್ಳ ಪ್ರೇಕ್ಷಕರು ಅವರಲ್ಲಿ ಇರುವವರೆಗೆ ಈ ಪರಂಪರೆಗೆ ಅಳಿವಿಲ್ಲ.